ಸಿದ್ರಾಮಪ್ಪ ಕೂಗಿದ ಹಾಜರಿ

ಪುಣೆಯ ಭವಾನಿ ಪೇಠೆಯ ಕನ್ನಡ ವ್ಯಾಪಾರಸ್ಥರಿಗೆ ಊರಿನ ಸುದ್ದಿ ಮೊದಲು ತಿಳಿಯುತ್ತಿದ್ದದ್ದು ಪೋಲೀಸ್ ಶಿಪಾಯಿ ಸಿದ್ರಾಮಪ್ಪನ ಬಾಯಿಂದ. ಅಂಗಡಿಗಳ ಹಲಗೆ ತೆಗೆಯುವ ಹೊತ್ತಿಗೆ ಅವನು ಲಾಠಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಓಣಿಯ ತುದಿಯಲ್ಲಿ ಕಾಣಿಸಿಕೊಳ್ಳುತ್ತಿದ್ದ. ಬೆಲ್ಲದ ಅಡತಿಯ ಮುಂದೆ ಒಂದು ಗಳಿಗೆ, ಮೆಣಸಿನಕಾಯಿ ವಖಾರಿಯ ಮುಂದೆ ಒಂದು ಗಳಿಗೆ ನಿಂತು, ಕೊನೆಗೆ ಅಪ್ಪಾಸಾಹೇಬರ ಅರಿವೆ ಅಂಗಡಿಯ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದ. ಅಪ್ಪಾಸಾಹೇಬರು ಬಾಗಲಕೋಟೆ ಕಡೆಯವರು, ಇಳಕಲ್ ಸೀರೆಯ ವ್ಯಾಪಾರ. ಚಹಾ ತರಿಸಿ ಕೇಳುತ್ತಿದ್ದರು.

"ಏನ್ರಿ ಸಿದ್ರಾಮಪ್ಪ, ರಾತ್ರಿ ಏನರ ಆತೇನ್ರಿ?"

"ಗಣೇಶ ಪೇಠ್ಯಾಗ ಒಂದ ಮನಿ ಒಡದಾರ್ರಿ. ಹಂಚ ತಗದ ಇಳದಾರಂತ. ನಿಮ್ಮ ಹಿತ್ತಲ ಬಾಗಲದ ಅಗಳಿ ಸಡ್ಲ ಆಗೇದ ನೋಡ್ರಿ, ಬಡಗಿಗೆ ಹೇಳಿ ಇವತ್ತ ಸರಿ ಮಾಡಸ್ಕೋರಿ."

ಹೀಗೆ ಯಾರ ಬಾಗಿಲು ಸಡಿಲ, ಯಾವ ಮೂಲೆಯ ಕಂದೀಲು ಉರಿಯುವುದಿಲ್ಲ, ಎಲ್ಲಿ ಹುಚ್ಚು ನಾಯಿ ಬಂದಿದೆ ಎಂದು ಮನೆಯ ಹಿರಿಯನ ಹಾಗೆ ಹೇಳಿಕೊಂಡು ಹೋಗುವುದು ಅವನ ರೂಢಿ. ಇಂಡಿ ತಾಲೂಕಿನ ಹಳ್ಳಿಯವನು. ಸೋದರಮಾವನ ವಶೀಲಿಯಿಂದ ವಿಜಾಪುರದಲ್ಲಿ ಪೋಲೀಸು ಸೇರಿದ. ಆಗ ಎಲ್ಲವೂ ಮುಂಬಯಿ ಇಲಾಖೆಯೇ, ಹಾಗಾಗಿ ಒಂದು ದಿನ ಪುಣೆಗೆ ಬಂದು ಬಿದ್ದ. ಮರಾಠಿ ಕಲಿತರೂ ಉಚ್ಚಾರ ತಿದ್ದಲಿಲ್ಲ. ಜೊತೆಯ ಶಿಪಾಯಿಗಳು ಅವನನ್ನು 'ಕಾನಡಿ' ಎಂದೇ ಕರೆಯುತ್ತಿದ್ದರು. ಕನ್ನಡ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಚೌಕಿಯಲ್ಲಿ ಬೇರೆ ಯಾರಿಗೂ ಬೇಡವಾದ ಕೆಲಸವೊಂದು ಅವನ ಪಾಲಿಗೆ ಬಂತು. ನಾಗಝರಿ ಹಳ್ಳದ ದಂಡೆಯ ಗುಡಿಸಲುಗಳ ಕನ್ನಡ ಮಾತಿನ ಮಂದಿಯ ಹಾಜರಿ ತೆಗೆದುಕೊಳ್ಳುವ ಕೆಲಸ.

ಸಾವಿರದ ಒಂಬೈನೂರ ಮೂವತ್ತರ ಆಚೀಚಿನ ಮಾತು. ಸರಕಾರ ಕೆಲವು ಜಾತಿಗಳನ್ನು ಇಡಿಯಾಗಿ ಕಳ್ಳರೆಂದು ಬರೆದುಕೊಂಡಿದ್ದ ಕಾಲ. ಆ ಜಾತಿಯಲ್ಲಿ ಹುಟ್ಟಿದ ಗಂಡಸು ಬೆಳಿಗ್ಗೆ ಸಂಜೆ ಪೋಲೀಸರ ಮುಂದೆ ನಿಂತು ತಾನು ಊರಲ್ಲೇ ಇದ್ದೇನೆಂದು ತೋರಿಸಿಕೊಳ್ಳಬೇಕು. ಪರವೂರಿಗೆ ಹೋಗುವುದಾದರೆ ಫೌಜದಾರರ ಪಾಸು ಬೇಕು. ಪಾಸಿಲ್ಲದೆ ಹೋಗಿ ಸಿಕ್ಕಿಬಿದ್ದರೆ ಜೈಲು. ಹಳ್ಳದ ದಂಡೆಯ ಮಂದಿ ಬಿದಿರಿನ ಬುಟ್ಟಿ, ಮೊರ ಹೆಣೆದು ಮಾರುವವರು. ಅವರಲ್ಲಿ ಹುಲಗಪ್ಪ ಒಬ್ಬ. ಹೆಂಡತಿ ಸಾವಂತ್ರವ್ವ ತಲೆಯ ಮೇಲೆ ಮೊರಗಳ ಗೋಪುರ ಹೊತ್ತು ಪೇಠೆಯಲ್ಲಿ ಕೂಗಿಕೊಂಡು ಹೋಗುತ್ತಿದ್ದಳು. ಅಪ್ಪಾಸಾಹೇಬರ ಮನೆಯ ಮೊರವೂ ಅವಳದ್ದೇ.

ಬೆಳಿಗ್ಗೆ ಒಮ್ಮೆ, ದೀಪ ಹಚ್ಚುವ ಹೊತ್ತಿಗೆ ಒಮ್ಮೆ ಸಿದ್ರಾಮಪ್ಪ ಹಳ್ಳದ ದಂಡೆಗೆ ಹೋಗಿ ಒಬ್ಬೊಬ್ಬರ ಹೆಸರು ಕೂಗುತ್ತಿದ್ದ. "ಹುಲಗಪ್ಪಾ!" ಎಂದರೆ ಕೈಯಲ್ಲಿನ ಬಿದಿರು ಸೀಳು ಬಿಡದೆಯೇ ಅವನು "ಅದೀನ್ರಿ ಸಾಹೇಬ್ರ" ಎನ್ನುತ್ತಿದ್ದ. ಎಲ್ಲರೂ ಓಗೊಟ್ಟ ಮೇಲೆ ಚೌಕಿಗೆ ಮರಳಿ "ಎಲ್ಲಾರೂ ಹಾಜರ್" ಎಂದು ಹವಾಲ್ದಾರನಿಗೆ ಕೂಗಿ ಹೇಳಿದರೆ ಮುಗಿಯಿತು. ಮೊದಮೊದಲು ಅವನಿಗೆ ಇದು ಕೊಟ್ಟಿಗೆಯಲ್ಲಿ ದನ ಎಣಿಸಿದ ಹಾಗೆ ಅನಿಸುತ್ತಿತ್ತು. ಬರಬರುತ್ತ ರೂಢಿಯಾಯಿತು. ಯಾರ ಮಗುವಿಗೆ ಕೆಮ್ಮು, ಯಾರ ಸೊಸೆ ಬಸುರಿ ಎನ್ನುವುದೆಲ್ಲ ಗೊತ್ತಾಗತೊಡಗಿತು.

ಹುಲಗಪ್ಪನ ಮಗಳು ನಾಗವ್ವನಿಗೆ ಹುಟ್ಟಿದ ವರ್ಷವೇ ದೊಡ್ಡ ಜ್ವರ ಬಂದು ಉಳಿಯುವುದೇ ಕಷ್ಟವಾಗಿತ್ತು. ಉಳಿದರೆ ಕೆಲವು ತಾಸಿನ ರೈಲುದಾರಿಯ ಜೇಜುರಿಯಲ್ಲಿ ಮಲ್ಲಯ್ಯನ ಸನ್ನಿಧಿಯಲ್ಲೇ ಜವಳ, ಅಂದರೆ ಹುಟ್ಟುಗೂದಲು ತೆಗೆಸುತ್ತೇವೆಂದು ಗಂಡಹೆಂಡಿರು ಹರಕೆ ಹೊತ್ತರು. ಕೂಸಿಗೆ ಮೂರು ತುಂಬುತ್ತ ಬಂದರೂ ಹರಕೆ ತೀರಿರಲಿಲ್ಲ. ಎರಡು ಸಲ ಪಾಸು ಕೇಳಿದರು, ಎರಡು ಸಲವೂ ಸಿಗಲಿಲ್ಲ. ಪೇಠೆಯಲ್ಲಿ ಕಳವು ಹೆಚ್ಚಾಗಿತ್ತು. ವ್ಯಾಪಾರಸ್ಥರು ಮೇಲಿನವರಿಗೆ ಅರ್ಜಿ ಹಾಕಿದ್ದರು. ಇಂಥ ಹೊತ್ತಿನಲ್ಲಿ ಯಾರನ್ನೂ ಹೊರಗೆ ಬಿಡುವುದಿಲ್ಲ ಎಂದು ಫೌಜದಾರ ಬಿಂದುಮಾಧವರಾವ್ ಖಡಾಖಂಡಿತ ಹೇಳಿದ್ದರು.

ಸಾವಂತ್ರವ್ವ ಒಂದು ಸಂಜೆ ಸಿದ್ರಾಮಪ್ಪನ ಎದುರು ಮಗುವನ್ನು ತಂದು ನಿಲ್ಲಿಸಿದಳು. ಕೂದಲು ಬೆಳೆದು ಗಂಟುಗಂಟಾಗಿ ಕಣ್ಣಿನ ಮೇಲೆ ಬಿದ್ದಿತ್ತು.

"ನೋಡ್ರಿ ಯಪ್ಪಾ, ಬಾಚಾಕ ಬರಂಗಿಲ್ಲ, ಕತ್ತರಸಾಕ ಬರಂಗಿಲ್ಲ. ಮೂರ ತುಂಬೂದ್ರಾಗ ತಗಸಬೇಕ್ರಿ. ದೇವ್ರ ಕೂಸನ್ನ ಒಮ್ಮೆ ಬಿಟ್ಟ ಕೊಟ್ಟಾನ, ಇನ್ನೊಮ್ಮೆ ಬಿಡತಾನೇನ್ರಿ?"

ಸಿದ್ರಾಮಪ್ಪನ ಮನೆದೇವರೂ ಮಲ್ಲಯ್ಯನೇ. ಅವನಿಗೆ ಆ ಮಾತು ಎಲ್ಲೋ ತಾಕಿತು. ಮನೆಗೆ ಹೋದ ಮೇಲೂ ಬಿಡಲಿಲ್ಲ. ಹೆಂಡತಿ ಬಸವಣ್ಣೆವ್ವನಿಗೆ ಹೇಳಿದಾಗ ಅವಳು ಒಂದು ಒಣಕೊಬ್ಬರಿ ಬಟ್ಟಲು ತಂದು ಗಂಡನ ಮುಂದಿಟ್ಟಳು. "ಅವರು ಹ್ವಾದ್ರ ನಮ್ಮ ಹೆಸರೀಲೆ ಇದನ್ನ ಒಡಸಾಕ ಹೇಳ್ರಿ" ಎಂದಳು.

ಮರುದಿನ ಅವನು ಹುಲಗಪ್ಪನನ್ನು ಬದಿಗೆ ಕರೆದು ಕೊಬ್ಬರಿ ಬಟ್ಟಲನ್ನು ಕೈಗಿಟ್ಟು ಹೆಂಡತಿಯ ಮಾತು ತಿಳಿಸಿದ. "ಶನಿವಾರ ಮಧ್ಯಾಹ್ನದ ರೇಲ್ವೇಕ್ಕ ಹೋಗ್ರಿ. ಐತಾರ ಬೆಳಿಗ್ಗೆ ಜವಳ ತಗಸಿ, ಸಂಜಿ ಹಾಜರಿ ಹೊತ್ತಿಗೆ ಇಲ್ಲಿ ಇರಬೇಕ ಮತ್ತ. ಅಷ್ಟರ ನಡುವಿಂದು ನಾ ನೋಡ್ಕೋತೀನಿ. ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ."

ಹುಲಗಪ್ಪ ಬಗ್ಗಿ ಸಿದ್ರಾಮಪ್ಪನ ಬೂಟು ಮುಟ್ಟಿ ಕಣ್ಣಿಗೊತ್ತಿಕೊಂಡ.

ಶನಿವಾರ ಸಂಜೆ ಸಿದ್ರಾಮಪ್ಪ ಎಂದಿನಂತೆ ಹೆಸರು ಕೂಗಿದ. ಹುಲಗಪ್ಪನ ಹೆಸರು ಬಂದಾಗ ಉತ್ತರಕ್ಕೆ ಕಾಯದೆ ಮುಂದಿನ ಹೆಸರಿಗೆ ಹೋದ. ಉಳಿದವರು ನೆಲ ನೋಡುತ್ತ ನಿಂತರು. ಚೌಕಿಗೆ ಬಂದು "ಎಲ್ಲಾರೂ ಹಾಜರ್" ಎಂದ. ಎಷ್ಟೋ ದಿನಗಳ ನಂತರ ಒಂದು ಒಳ್ಳೆಯ ಕೆಲಸ ಮಾಡಿದ ಸಮಾಧಾನ ಅವನಿಗಿತ್ತು. ಭಾನುವಾರ ಬೆಳಗಿನ ಹಾಜರಿಯೂ ಹಾಗೆಯೇ ದಾಟಿತು.

ಅಲ್ಲಿಂದ ಪೇಠೆಗೆ ಬಂದರೆ ಅಪ್ಪಾಸಾಹೇಬರ ಅಂಗಡಿಯ ಮುಂದೆ ಜನ ಸೇರಿತ್ತು. ರಾತ್ರಿ ಹಿಂದಿನ ಗೋಡೆಗೆ ಕನ್ನ ಕೊರೆದು ರೇಶಿಮೆ ಸೀರೆಗಳ ಗಂಟನ್ನೇ ಎತ್ತಿಕೊಂಡು ಹೋಗಿದ್ದರು. ಅಪ್ಪಾಸಾಹೇಬರು ಬರಿದಾದ ಕಪಾಟಿನ ಮುಂದೆ ಕೈಚೆಲ್ಲಿ ಕೂತಿದ್ದರು. ಫೌಜದಾರರು ಬಂದು ತೂತು ನೋಡಿ, ಮಣ್ಣು ಮುಟ್ಟಿ, ಸಿದ್ರಾಮಪ್ಪನ ಕಡೆ ತಿರುಗಿದರು.

"ನಿನ್ನೆ ನಿನ್ನ ಮಂದಿ ಎಲ್ಲರೂ ಊರಲ್ಲೇ ಇದ್ದರಲ್ಲ?" ಎಂದು ಮರಾಠಿಯಲ್ಲಿ ಕೇಳಿದರು.

ಓಣಿಯ ಮಂದಿಯೆಲ್ಲ ನೋಡುತ್ತಿದ್ದರು. ಸಿದ್ರಾಮಪ್ಪ "ಹೌದು ಸಾಹೇಬ್" ಎಂದ.

"ಹಾಗಾದರೆ ಬೇರೆಲ್ಲಿ ಹುಡುಕುವುದು?"

ಸಂಜೆ ಪೋಲೀಸರು ಹಳ್ಳದ ದಂಡೆಗೆ ಹೋದರು. ಹುಲಗಪ್ಪ ಆಗತಾನೇ ರೈಲಿಳಿದು ಬಂದು ಕೂತಿದ್ದ. ಹಿಂದೆ ಒಮ್ಮೆ, ಹುಡುಗತನದಲ್ಲಿ, ಯಾವುದೋ ಕಳವಿನ ಪ್ರಕರಣದಲ್ಲಿ ಶಿಕ್ಷೆಯಾದವನು ಅಲ್ಲಿ ಅವನೊಬ್ಬನೇ. ಮೊದಲ ಕೈ ಬಿದ್ದದ್ದೂ ಅವನ ಹೆಗಲ ಮೇಲೆಯೇ. ಗುಡಿಸಲು ಕಿತ್ತು ನೋಡಿದರು, ಮಡಕೆ ಬೋರಲು ಹಾಕಿದರು, ಏನೂ ಸಿಗಲಿಲ್ಲ. ಬುಟ್ಟಿಯ ರಾಶಿಯ ಹಿಂದೆ ನಾಗವ್ವ ನಿಂತಿದ್ದಳು. ಬೋಳಿಸಿದ ತಲೆ, ತಲೆಯ ತುಂಬ ಮಲ್ಲಯ್ಯನ ಭಂಡಾರದ ಅರಿಶಿನ.

ಫೌಜದಾರರ ಕಣ್ಣು ಅಲ್ಲೇ ನಿಂತಿತು. "ಈ ಮಗುವಿನ ತಲೆ ಎಲ್ಲಿ ಬೋಳಿಸಿದಿರಿ? ಕೇಳು" ಎಂದರು.

ಸಿದ್ರಾಮಪ್ಪ ಕನ್ನಡದಲ್ಲಿ ಕೇಳಬೇಕಾಯಿತು. ಜೇಜುರಿ ಎಂದು ಒಂದು ಮಾತು ಹೇಳಿದರೆ ಕಳವಿನ ಹೊತ್ತಿಗೆ ಹುಲಗಪ್ಪ ಊರಲ್ಲಿರಲಿಲ್ಲ ಎಂದು ಗೊತ್ತಾಗುತ್ತಿತ್ತು, ಸಿದ್ರಾಮಪ್ಪನ ಸುಳ್ಳು ಹಾಜರಿಯೂ ಬಯಲಾಗುತ್ತಿತ್ತು. ಸಾವಂತ್ರವ್ವ ಅವನ ಮುಖವನ್ನೇ ನೋಡಿದಳು. ಅವಳು ಏನು ನೋಡಿದಳೋ.

"ಇಲ್ಲೇ ಹಳ್ಳದಾಗ ತಗಸೀವ್ರಿ" ಎಂದಳು. "ಪಾಸ ಸಿಗಲಿಲ್ಲಲ್ರಿ. ಇಲ್ಲೇ ದೇವ್ರಿಗೆ ಕೈ ಮುಗದ್ವಿ."

ಅದನ್ನು ಸಿದ್ರಾಮಪ್ಪನೇ ಮರಾಠಿಗೆ ತಿರುಗಿಸಿ ಹೇಳಿದ. ಹುಲಗಪ್ಪನನ್ನು ಚೌಕಿಗೆ ಎಳೆದೊಯ್ದು ಲಾಕಪ್ಪಿಗೆ ಹಾಕಿದರು.

ಎರಡು ದಿನ ಸಿದ್ರಾಮಪ್ಪನಿಗೆ ಅನ್ನ ಸೇರಲಿಲ್ಲ. ಮೂರನೆಯ ದಿನ ಫೌಜದಾರರ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟ. ಬಿಂದುಮಾಧವರಾವ್ ಕ್ರೂರಿಯಲ್ಲ. ಮಕ್ಕಳೊಂದಿಗ, ಪಿಂಚಣಿಗೆ ಹತ್ತಿರ ಬಂದವರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದನ್ನು ನಾನು ಕೇಳಲಿಲ್ಲ" ಎಂದರು. "ಕೇಳಿದೆ ಅಂತ ಇಟ್ಟುಕೋ. ಸುಳ್ಳು ಹಾಜರಿಗೆ ನಿನ್ನ ಪಟ್ಟಾ, ನೌಕರಿ ಎರಡೂ ಹೋಗುತ್ತದೆ, ಮೊಕದ್ದಮೆಯೂ ಆಗುತ್ತದೆ. ಆಗಲಿ. ಅವನು ಬಿಡುಗಡೆ ಆಗುತ್ತಾನಾ? ಪಾಸಿಲ್ಲದೆ ಊರು ಬಿಟ್ಟದ್ದಕ್ಕೆ ಅವನಿಗೆ ಶಿಕ್ಷೆ ತಪ್ಪುವುದಿಲ್ಲ. ಕಳವಾದ ರಾತ್ರಿಯೇ ತಪ್ಪಿಸಿಕೊಂಡು ಹೋಗಿದ್ದ, ಪೋಲೀಸನನ್ನೂ ಕೈಯೊಳಗೆ ಹಾಕಿಕೊಂಡಿದ್ದ ಅಂದರೆ ಮ್ಯಾಜಿಸ್ಟ್ರೇಟರು ಏನು ತಿಳಿಯುತ್ತಾರೆ? ಸೀರೆ ಜೇಜುರಿಗೆ ಸಾಗಿಸಿದ ಅಂತಾರೆ."

"ಆದ್ರ ಅವ ಮಾಡಿಲ್ಲ ಸಾಹೇಬ್."

"ನನಗೂ ಹಾಗೇ ಅನಿಸುತ್ತದೆ" ಎಂದರು ಫೌಜದಾರರು. "ಹೋಗು, ಕೆಲಸ ನೋಡು."

ಅಪ್ಪಾಸಾಹೇಬರ ಬಳಿಗೂ ಹೋದ. ಪೂರ್ತಿ ಹೇಳುವ ಧೈರ್ಯವಾಗಲಿಲ್ಲ. "ಹುಲಗಪ್ಪ ಅಂಥಾವಲ್ರಿ. ನೀವ ಒಂದ ಮಾತ ಹೇಳಿದ್ರ, ಅವನ ಮ್ಯಾಲ ಸಂಶೇ ಇಲ್ಲಂದ್ರ..." ಎಂದು ಎಳೆದ.

ಅಪ್ಪಾಸಾಹೇಬರು ಚಹದ ಬಸಿಯನ್ನು ಕೆಳಗಿಟ್ಟರು. "ಸಿದ್ರಾಮಪ್ಪ, ನೀವು ಭಾಳ ಮೆತ್ತಗಿನ ಮನಷ್ಯಾರು. ಅವ ಎಂಥಾವ ಅಂತ ನನಗೇನ ಗೊತ್ರಿ? ಅವನ ಹೇಣ್ತಿ ನಮ್ಮ ಹಿತ್ತಲತನಾ ಬಂದ ಮೊರ ಕೊಟ್ಟ ಹೋಗತಿದ್ಲು, ಗ್ವಾಡಿ ಎಲ್ಲಿ ಮೆತ್ತಗದ ಅಂತ ನೋಡಿರಬಹುದಲ್ಲ? ಪ್ಯಾಟಿ ಮಂದಿ ಎಲ್ಲಾ ಸೇರಿ ಅರ್ಜಿ ಹಾಕ್ಯಾರ. ಈಗ ನಾ ಒಬ್ಬ ಹಿಂದ ಸರದ್ರ ನಕ್ಕಾರು." ಸ್ವಲ್ಪ ತಡೆದು, "ನಿಮಗ್ಯಾಕ ಇದರ ಉಸಾಬರಿ?" ಎಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಅಕ್ಕರೆಯೇ ಇತ್ತು. ಅದಕ್ಕೇ ಸಿದ್ರಾಮಪ್ಪನಿಗೆ ಎದ್ದು ಬರುವುದು ಬಿಟ್ಟು ಬೇರೆ ದಾರಿ ತೋಚಲಿಲ್ಲ.

ಕಡೆಯ ಆಸೆಯೆಂಬಂತೆ ಅವನು ಲಾಕಪ್ಪಿನ ಸರಳುಗಳ ಮುಂದೆ ನಿಂತ. ಹುಲಗಪ್ಪನ ಒಂದು ಕಣ್ಣು ಊದಿ ಮುಚ್ಚಿತ್ತು.

"ಕೋರ್ಟಿನ್ಯಾಗ ನಾ ಖರೇ ಹೇಳತೀನಿ" ಎಂದ ಸಿದ್ರಾಮಪ್ಪ. "ನೌಕರಿ ಹ್ವಾದ್ರ ಹೋಗ್ಲಿ."

"ಬ್ಯಾಡ್ರಿ." ಹುಲಗಪ್ಪ ಸರಳಿನ ಹತ್ತಿರ ಬಂದ. "ನೀವ ಹೇಳಿದ್ರ ನಾನೂ ಹೊರಗ ಬರಂಗಿಲ್ಲ, ನೀವೂ ಒಳಗ ಬರತೀರಿ. ದಂಡಿ ಮ್ಯಾಲಿನ ನಮ್ಮ ಮಂದಿನೂ ಸುಳ್ಳ ಹಾಜರಿ ನೋಡ್ಕೋತ ನಿಂತಿದ್ರು ಅಂತ ಅವರನ್ನೂ ಎಳಕೊಂಡ ಬರತಾರ. ಹೆಂಗಸ್ರು ಹುಡ್ರು ಅದಾರ್ರಿ ಅಲ್ಲಿ. ನಾಳಿ ಇನ್ನೊಬ್ಬ ಶಿಪಾಯಿ ಬಂದಾ ಅಂದ್ರ ಅವರ ಗತಿ ಏನ್ರಿ?"

ಸಿದ್ರಾಮಪ್ಪ ತಿರುಗಿ ಚೌಕಿಯ ಹೊರಗೆ ನಡೆದ.

ಕೋರ್ಟಿನಲ್ಲಿ ಅವನನ್ನು ಕೇಳಿದ್ದು ಒಂದೇ ಪ್ರಶ್ನೆ. ಆ ಸಂಜೆ ಆರೋಪಿ ಹಾಜರಿದ್ದನೇ? ಕಟಕಟೆಯಲ್ಲಿ ಹುಲಗಪ್ಪ ತಲೆ ತಗ್ಗಿಸಿ ನಿಂತಿದ್ದ. ಸಿದ್ರಾಮಪ್ಪನಿಗೆ ಒಂದು ಕ್ಷಣ ನಿಜ ಬಾಯಿಗೆ ಬಂದೇಬಿಟ್ಟಿತ್ತು. ಅಷ್ಟರಲ್ಲಿ ಹಳ್ಳದ ದಂಡೆಯ ಮುದುಕರು, ಬಸವಣ್ಣೆವ್ವ, ತನ್ನ ಮಕ್ಕಳು, ಎಲ್ಲರ ಮುಖ ಒಟ್ಟಿಗೆ ಕಣ್ಣ ಮುಂದೆ ಬಂತು. "ಹಾಜರಿದ್ದ" ಎಂದ. ಸೀರೆ ಸಿಕ್ಕಿರಲಿಲ್ಲ, ಕಂಡವರಿರಲಿಲ್ಲ. ಆದರೂ ಹಳೆಯ ಶಿಕ್ಷೆ, ಜಾತಿ, ಪೇಠೆಯವರ ಅರ್ಜಿ ಎಲ್ಲ ಕೂಡಿ ಮೂರು ವರ್ಷ ಶಿಕ್ಷೆ ಆಯಿತು.

ಗಂಡ ಜೈಲಿಗೆ ಹೋದ ಮೇಲೆ ಹೆಂಡತಿ ಮಕ್ಕಳನ್ನು ಹೀಗೆ ಬಿಡಬಾರದೆಂದು ಮೇಲಿನಿಂದ ಹುಕುಮು ಬಂತು. ದೂರದ ಊರಲ್ಲಿ ತಂತಿಬೇಲಿ ಹಾಕಿ ಇಂಥವರಿಗೆಂದೇ ಸರಕಾರ ಒಂದು ವಸಾಹತು ಮಾಡಿತ್ತು. ಅಲ್ಲಿಗೆ ಸಾಗಿಸಲು ಸ್ಟೇಶನ್ನಿನವರೆಗೆ ಕರೆದುಕೊಂಡು ಹೋದವನೂ ಸಿದ್ರಾಮಪ್ಪನೇ, ಭಾಷೆ ಬರುತ್ತದಲ್ಲ. ಸಾವಂತ್ರವ್ವ ಡಬ್ಬಿ ಹತ್ತುವಾಗ ತಿರುಗಿ, "ಅಕ್ಕಾರ ಹೆಸರೀಲೆ ಕೊಬ್ಬರಿ ಒಡಸೀವ್ರಿ, ಹೇಳ್ರಿ ಅವರಿಗೆ" ಎಂದಳು. ಸಿದ್ರಾಮಪ್ಪ ತಲೆ ಆಡಿಸಿದ. ರೈಲು ಹೋದ ಮೇಲೂ ಅವನು ಪ್ಲಾಟ್‌ಫಾರ್ಮಿನ ಮೇಲೆ ನಿಂತಿದ್ದನ್ನು ನೋಡಿ ಹಮಾಲನೊಬ್ಬ ಮೈಗೆ ಹುಷಾರಿಲ್ಲವೇ ಎಂದು ಕೇಳಿದ.

ಪೇಠೆಯಲ್ಲಿ ಕಳವು ನಿಲ್ಲಲಿಲ್ಲ. ಮಳೆಗಾಲದ ಹೊತ್ತಿಗೆ ಅದೇ ಓಣಿಯಲ್ಲಿ, ಅದೇ ರೀತಿ ಕನ್ನ ಹಾಕಿ ಮತ್ತೊಂದು ಅಂಗಡಿ ದೋಚಿದರು. ಹಳ್ಳದ ದಂಡೆಯಿಂದ ಇನ್ನೊಬ್ಬನನ್ನು ಎಳೆತಂದರು. ಸಿದ್ರಾಮಪ್ಪ ಬೆಳಿಗ್ಗೆ ಸುತ್ತು ಹಾಕುವುದನ್ನು ಬಿಡಲಿಲ್ಲ, ಬಿಡುವಂತೆಯೂ ಇರಲಿಲ್ಲ. ಆದರೆ ಕಟ್ಟೆಯ ಮೇಲೆ ಕೂರುವುದು ನಿಂತಿತು. ಯಾರಾದರೂ ಸುದ್ದಿ ಕೇಳಿದರೆ "ಏನಿಲ್ರಿ, ಬಾಗಲ ಭದ್ರ ಹಾಕ್ಕೋರಿ" ಎಂದಷ್ಟೇ ಹೇಳಿ ಮುಂದೆ ಹೋಗುತ್ತಿದ್ದ.

ಹುಲಗಪ್ಪ ಬಿಡುಗಡೆಯಾಗಿ ಬಂದಾಗ ಬಿಂದುಮಾಧವರಾವ್ ಪಿಂಚಣಿ ಪಡೆದು ಹೋಗಿದ್ದರು. ಹುಲಗಪ್ಪನ ಕೂದಲು ಬೆಳ್ಳಗಾಗಿತ್ತು. ಗುಡಿಸಲಿದ್ದ ಜಾಗದಲ್ಲಿ ಬೇರೆ ಯಾರೋ ಇದ್ದರು. ಹೆಂಡತಿ ಮಗಳನ್ನು ಕಾಣಲು ವಸಾಹತಿಗೆ ಹೋಗಬೇಕೆಂದರೆ ಪಾಸು ಬೇಕು. ಸಿದ್ರಾಮಪ್ಪ ತಾನೇ ಅರ್ಜಿ ಬರೆಸಿದ, ತಾನೇ ಹೊಸ ಫೌಜದಾರರ ಕೈಗೆ ಕೊಟ್ಟ. ತಿಂಗಳುಗಳು ಹೋದವು. ಹುಲಗಪ್ಪ ದಿನಾ ಬಂದು ಚೌಕಿಯ ಮೆಟ್ಟಿಲ ಬದಿಗೆ ಕೂತು, ಹೊತ್ತಾದ ಮೇಲೆ ಎದ್ದು ಹೋಗುತ್ತಿದ್ದ.

ಒಂದು ದಿನ ಉತ್ತರ ಬಂತು. ಮರಾಠಿಯಲ್ಲಿತ್ತು. ಸಿದ್ರಾಮಪ್ಪ ಮೆಟ್ಟಿಲ ಮೇಲೆ ಅವನ ಪಕ್ಕಕ್ಕೇ ಕೂತು ಕನ್ನಡದಲ್ಲಿ ಹೇಳಿದ.

"ಈಗ ಪಾಸ ಕೊಡಾಕ ಬರಂಗಿಲ್ಲಂತ. ನಿನ್ನ ನಡತಿ ಹೆಂಗದ ಅಂತ ಇನ್ನೂ ಒಂದ ವರ್ಷ ನೋಡತಾರಂತ. ಆಮ್ಯಾಲ ಮತ್ತ ಅರ್ಜಿ ಹಾಕಬೇಕಂತ."

ಹುಲಗಪ್ಪ ಕಾಗದದ ಕಡೆಗೇ ನೋಡುತ್ತಿದ್ದ. ಅವನಿಗೆ ಅಕ್ಷರ ಬರುತ್ತಿರಲಿಲ್ಲ.

"ಇನ್ನೊಮ್ಮೆ ಓದ್ರಿ ಸಾಹೇಬ್ರ" ಎಂದ.

ಸಿದ್ರಾಮಪ್ಪ ಮೊದಲಿನಿಂದ ಓದಿದ. ಈ ಸಲ ನಿಧಾನವಾಗಿ, ಒಂದೊಂದೇ ಮಾತನ್ನು ಬಿಡಿಸಿ.