ನಾಗಲಕ್ಷ್ಮಿ ಉಳಿಸಿದ ಕೇಸರ

ರಾರಾವಿಯ ನಾಗಲಕ್ಷ್ಮಿ ಪಿಯುಸಿಯಲ್ಲಿ ಓದುವಾಗ ಹೂವಿನ ಚಿತ್ರ ಬಿಡಿಸಿ ಪುಷ್ಪಪಾತ್ರೆ, ದಳ, ಪುಂಕೇಸರ, ಶಲಾಕೆ, ಅಂಡಾಶಯ ಎಂದು ಅಂದವಾಗಿ ಹೆಸರು ಬರೆಯುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಓದು ನಿಂತಿತು. ಕಂಪನಿಯೊಂದಕ್ಕೆ ಬೀಜ ಬೆಳೆದುಕೊಡುತ್ತಿದ್ದ ಸಾಹುಕಾರ ಮರಿಬಸಪ್ಪನ ಹತ್ತಿ ಹೊಲದಲ್ಲಿ, ಎರಡು ತಳಿ ಕೂಡಿಸುವ ಕ್ರಾಸಿಂಗ್ ಕೆಲಸಕ್ಕೆ ಸೇರಿದಳು.

ಹತ್ತಿಯ ಹೂವಿನಲ್ಲಿ ಗಂಡು, ಹೆಣ್ಣು ಎರಡೂ ಒಟ್ಟಿಗಿರುತ್ತವೆ. ನಾಳೆ ಅರಳುವ ಮೊಗ್ಗನ್ನು ಇಂದು ಸಂಜೆಯೇ ಹೆಬ್ಬೆರಳಿನ ಉಗುರಿನಿಂದ ಸೀಳಿ, ದಳಗಳ ಜೊತೆಗೆ ಪುಂಕೇಸರಗಳನ್ನೂ ಸುಲಿದು ತೆಗೆಯಬೇಕು. ನಡುವೆ ಹೆಣ್ಣು ಭಾಗವಾದ ಶಲಾಕೆಯಷ್ಟೇ ಉಳಿಯಬೇಕು. ಬೆಳಿಗ್ಗೆ, ಗಂಡು ಹೂವೆಂದು ಕರೆಯುವ ಬೇರೆ ತಳಿಯ ಹೂವಿನ ಪರಾಗವನ್ನು ಅದರ ತುದಿಗೆ, ಶಲಾಕಾಗ್ರಕ್ಕೆ, ಸವರಬೇಕು. ಕೇಸರ ಉಳಿದರೆ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ಬೀಜ ಬೆರಕೆಯಾಗುತ್ತದೆ.

ಒಂದು ಸಂಜೆ ಮರಿಬಸಪ್ಪನ ಫೋನು ಕಾಣೆಯಾಯಿತು. ಅವನು ಅದನ್ನು ಇಟ್ಟೆನೆಂದ ಬದುವಿನ ಹತ್ತಿರ ಇದ್ದವಳು ನಾಗಲಕ್ಷ್ಮಿ.

"ಆಕಿ ಹತ್ರಾನ ಐತಿ. ಮೈಮ್ಯಾಲೆಲ್ಲ ಹುಡುಕ್ರಿ," ಎಂದ.

ಗಂಡಾಳುಗಳ ಎದುರೇ ಹೆಂಗಸರು ಅವಳ ಮೈ ತಡಕಿದರು. ಏನೂ ಸಿಗಲಿಲ್ಲ. ಮರುದಿನ ಫೋನು ಟ್ರ್ಯಾಕ್ಟರ್ ಸೀಟಿನ ಕೆಳಗೆ ಸಿಕ್ಕಿತು. ಮರಿಬಸಪ್ಪ ನಕ್ಕುಬಿಟ್ಟ. "ಸಿಕ್ತು ಬಿಡವ್ವ. ಮನಸಿಗೆ ಹಚ್ಚಿಕೋಬ್ಯಾಡ."

ಅಷ್ಟರಲ್ಲಿ ಮಾತು ಕುರುಗೋಡಿಗೆ ಮುಟ್ಟಿತ್ತು. ಅವಳನ್ನು ಮದುವೆಗೆ ಗೊತ್ತು ಮಾಡಿಕೊಂಡಿದ್ದ ಅಲ್ಲಿನ ಗಂಡಿನ ಮನೆಯವರು, "ಕಳ್ಳಿ ಅನ್ನಿಸಿಕೊಂಡ ಹುಡುಗಿ ನಮಗ ಬ್ಯಾಡ್ರಿ," ಎಂದು ಸಂಬಂಧ ಮುರಿದರು.

"ಆ ಹೊಲಕ್ಕ ಮತ್ತ ಹೋಗಬ್ಯಾಡ," ಎಂದು ತಾಯಿ ಅತ್ತಳು.

"ಹೋಗ್ತೀನವ್ವ. ನನ್ನ ಕೆಲಸ ಮುಗದಿಲ್ಲ."

ಅಂದಿನಿಂದ ಅವಳು ಮೊಗ್ಗಿನ ಬುಡದಲ್ಲಿ, ಹಸಿರು ಪುಷ್ಪಪತ್ರಗಳ ಮರೆಯಲ್ಲಿ, ಒಂದಿಷ್ಟು ಕೇಸರ ಉಳಿಸತೊಡಗಿದಳು. ಬೆಳಿಗ್ಗೆ ಪರಾಗ ಉದುರಿಹೋದ ಗಂಡು ಹೂವನ್ನು ಸುಮ್ಮನೆ ತಾಗಿಸುತ್ತಿದ್ದಳು. ಪ್ರತಿ ಮೊಗ್ಗಿಗೂ ಬಾಯೊಳಗೇ, "ಇದು ನಿನಗ, ಮರಿಬಸಪ್ಪ," ಎನ್ನುತ್ತಿದ್ದಳು. ಹಾಗೆ ಅಂದಾಗೊಮ್ಮೆ ಎದೆ ಹಗುರಾಗುತ್ತಿತ್ತು.

ಎಲ್ಲರ ಸಾಲಿನ ಹತ್ತಿಯೂ ಒಂದೇ ರಾಶಿಗೆ ಬಿತ್ತು. ಬಳ್ಳಾರಿಯಲ್ಲಿ ಕಂಪನಿಯವರು ಆ ಬೀಜ ಬಿತ್ತಿ ನೋಡಿದಾಗ ಬೆರಕೆ ಗಿಡಗಳು ಎದ್ದವು. ರಾಶಿಯ ಬೀಜವನ್ನೆಲ್ಲ ತಿರಸ್ಕರಿಸಿದರು. ಸಿರುಗುಪ್ಪದಲ್ಲೆಲ್ಲ ತನ್ನ ಬೀಜದ ಹೆಸರು ಹೇಳಿಕೊಂಡು ತಿರುಗುತ್ತಿದ್ದ ಮರಿಬಸಪ್ಪ ನೇರ ಅವಳ ಬಾಗಿಲಿಗೆ ಬಂದ.

"ನೀನ ಮಾಡೀದಿ, ಹೌದಿಲ್ಲ?"

"ನೋಡಿದವ್ರನ್ನ ಕರಕೊಂಡು ಬರ್ರಿ, ಸಾವ್ಕಾರ್ರ."

ನೋಡಿದವರು ಯಾರೂ ಇರಲಿಲ್ಲ. ಓಣಿಯ ಜನರೆಲ್ಲ ಹೊರಗೆ ಬಂದು ನಿಂತಿದ್ದರು. ಅವನು ಕೂಗಾಡಿ ತಲೆ ತಗ್ಗಿಸಿಕೊಂಡು ಹೋಗುವುದನ್ನು ನಾಗಲಕ್ಷ್ಮಿ ಕಣ್ತುಂಬ ನೋಡಿದಳು.

ಮರುವರ್ಷ ಕಂಪನಿ ರಾರಾವಿಗೆ ಬರಲಿಲ್ಲ, ಊರಿನ ಹೆಂಗಸರ ಕ್ರಾಸಿಂಗ್ ಕೆಲಸ ಹೋಯಿತು. ಪಕ್ಕದ ಸಾಲಿನಲ್ಲಿ ದುಡಿಯುತ್ತಿದ್ದ ಗೆಳತಿ ಚನ್ನಬಸಮ್ಮನೂ ಅವಳೂ ಬಳ್ಳಾರಿಯ ಬ್ರೂಸ್‌ಪೇಟೆಯ ಅಂಗಡಿಯೊಂದರಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ ಹಿಡಿದರು. ಅಲ್ಲಿ ಒಂದು ಮಧ್ಯಾಹ್ನ ನಾಗಲಕ್ಷ್ಮಿ ನಿಜ ಹೇಳಿದಳು.

ಚನ್ನಬಸಮ್ಮನ ಕೈ ನಿಂತಿತು. "ನಮ್ಮ ಹೊಟ್ಟಿಪಾಡು ನೆಪ್ಪಿಗೆ ಬರಲಿಲ್ಲೇನ ನಿನಗ?"

"ಬಂದಿತ್ತು. ಆದ್ರೂ ಮಾಡಿದೆ."

ಚನ್ನಬಸಮ್ಮ ತನ್ನ ಚೀಲ ಎಳೆದುಕೊಂಡು ಆಚೆ ಮೂಲೆಗೆ ಹೋಗಿ ಕೂತಳು. ನಾಗಲಕ್ಷ್ಮಿಗೆ ಸಂಕಟವಾಯಿತು. ಆದರೆ ಮಾಡಿದ್ದು ತಪ್ಪಾಯಿತೆಂಬ ಮಾತು ಮಾತ್ರ ಅವಳ ಬಾಯಿಂದ ಬರಲಿಲ್ಲ.