ಲಿಫ್ಟ್ ಈರಪ್ಪನ ನಲವತ್ತೆಂಟು ದಿನ

ಈರಪ್ಪನ ಎದೆಯ ಮೇಲೆ ಒಂದು ತಗಡಿನ ಬೋರ್ಡು ನೇತಾಡುತ್ತಿತ್ತು. ಒಂದು ಮುಖದಲ್ಲಿ ಸೀಮೆಸುಣ್ಣದಿಂದ ‘ಮೌನ’ ಎಂದು ಬರೆದಿತ್ತು. ಇನ್ನೊಂದು ಮುಖದಲ್ಲಿ ಕೆಂಪು ಬಣ್ಣದ ಹಿಂದಿ ಅಕ್ಷರಗಳಲ್ಲಿ ‘ಲಿಫ್ಟ್ ಬಂದ್ ಹೈ’ ಎಂದಿತ್ತು. ಇದ್ದ ಬೋರ್ಡಿನ ಬೆನ್ನು ಖಾಲಿ ಇರುವಾಗ ಅಧ್ಯಾತ್ಮಕ್ಕೆ ಬೇರೆ ತಗಡು ಯಾಕೆ ಎಂಬುದು ಅವನ ವಾದ. ನಡೆಯುವಾಗ ದಾರ ತಿರುಚಿಕೊಂಡು ಬೋರ್ಡು ಮಗುಚುತ್ತಿತ್ತು. ಗೇಟಿನಲ್ಲಿ ಅವನ ಎದೆ ನೋಡಿದ ಐದನೇ ಮಹಡಿಯ ಮರಾಠಿ ಅಜ್ಜಿ, ಚೆನ್ನಾಗಿಯೇ ಓಡುತ್ತಿದ್ದ ಲಿಫ್ಟನ್ನು ಬಿಟ್ಟು, ಸೊಸೈಟಿಯವರ ವಂಶಕ್ಕೆಲ್ಲ ಶಾಪ ಹಾಕುತ್ತ ಮೆಟ್ಟಿಲು ಹತ್ತುತ್ತಿದ್ದರು. ಕೂಗಿ ನಿಲ್ಲಿಸೋಣವೆಂದರೆ ಬಾಯಿಗೆ ಬೀಗ. ಈರಪ್ಪ ಕೈ ಆಡಿಸುತ್ತ ಹಿಂದೆ ಓಡುತ್ತಿದ್ದ. ಅಜ್ಜಿ ಹೆದರಿ ಇನ್ನೂ ಬೇಗ ಹತ್ತುತ್ತಿದ್ದರು.

ಅವನು ಮುಂಬೈಯ ಘಾಟ್ಕೋಪರಿನಲ್ಲಿದ್ದ ನಮ್ಮ ಹಳೆಯ ಬಿಲ್ಡಿಂಗಿನ ಲಿಫ್ಟ್ ಮೆಕ್ಯಾನಿಕ್. ಬಾಗಲಕೋಟೆ ಕಡೆಯವನು, ಮನೆ ಜೋಗೇಶ್ವರಿಯ ವಠಾರದಂಥ ಒಂದು ಚಾಳಿನಲ್ಲಿ. ನಾನು ಮೈಸೂರಿನಿಂದ ಬಂದವಳು, ಇಲ್ಲಿನ ಕನ್ನಡ ಶಾಲೆಯಲ್ಲಿ ಗಣಿತ ಹೇಳಿ ಹೇಳಿ ಗಂಟಲು ಒರಟಾದ ಮೇಲೆ ನಿವೃತ್ತಳಾದವಳು. ಏಳನೇ ಮಹಡಿಯಲ್ಲಿದ್ದುದರಿಂದ ನನಗೂ ಅವನಿಗೂ ಗೆಳೆತನ ಅನಿವಾರ್ಯವಾಗಿತ್ತು. ನನ್ನನ್ನು ಟೀಚರಬಾಯಿ ಎನ್ನುತ್ತಿದ್ದ.

ನಮ್ಮ ಲಿಫ್ಟು ಕಬ್ಬಿಣದ ಜಾಲರಿ ಬಾಗಿಲಿನ ಹಳೇ ಕಾಲದ್ದು. ಅದಕ್ಕೆ ಅವನು ಗಂಗವ್ವ ಎಂದು ಹೆಸರಿಟ್ಟಿದ್ದ. ಒಳಗೆ ಹೋಗುವ ಮೊದಲು ಜಾಲರಿಗೆ ಕಿವಿ ಹಚ್ಚಿ ಒಂದು ಗಳಿಗೆ ನಿಲ್ಲುತ್ತಿದ್ದ. ಏನಪ್ಪಾ ಕೇಳುತ್ತಿ ಎಂದರೆ, “ಆಕಿಗೆ ಮೂರನೇ ಮಾಳಿಗಿ ದಾಟುಮುಂದ ಒಂದು ಬಿಕ್ಕಳಿಕಿ ಬರ್ತೈತ್ರಿ. ಅಷ್ಟ ಬಿಟ್ರ ಮುತ್ತಿನಂಥಾಕಿ,” ಎನ್ನುತ್ತಿದ್ದ. ಹೆಂಡತಿಯ ಬಗ್ಗೆ ಅವನು ಇಷ್ಟು ಅಕ್ಕರೆಯಿಂದ ಮಾತಾಡಿದ್ದನ್ನು ನಾನಂತೂ ಕೇಳಿಲ್ಲ. ಗ್ರೀಸು ಹಚ್ಚುವಾಗ ಅವನ ಮುಖದಲ್ಲಿ ಬರುತ್ತಿದ್ದ ಕಳೆ, ನಮ್ಮಲ್ಲಿ ಎಷ್ಟೋ ಜನರಿಗೆ ಮಂಗಳಾರತಿ ಹೊತ್ತಿನಲ್ಲೂ ಬರುವುದಿಲ್ಲ.

ಇಂಥವನಿಗೆ ಮೌನದ ಹುಚ್ಚು ಹಿಡಿಸಿದವರು ಅವನ ಊರಿನ ಮಠದ ಸ್ವಾಮಿಗಳು, ಅವರ ಕಡೆಯ ಮಾತಿನಲ್ಲಿ ಅಜ್ಜ. ಈರಪ್ಪನಿಗೆ ಬಹಳ ದಿನದಿಂದ ಅವರ ಕೈಯಲ್ಲಿ ಮಂತ್ರ ತೆಗೆದುಕೊಳ್ಳಬೇಕೆಂಬ ಆಸೆ. ಅವನ ಅಪ್ಪ ಅದೇ ಆಸೆಯಲ್ಲಿ ಸತ್ತಿದ್ದನಂತೆ. ಅಜ್ಜ ಮುಂಬೈಗೆ ಬಂದಾಗ ಎರಡು ಗಂಟೆ ಲೌಡ್‌ಸ್ಪೀಕರಿನಲ್ಲಿ ಮೌನದ ಮಹಿಮೆ ಕೊಂಡಾಡಿ, ಕೊನೆಗೆ ಇವನನ್ನು ಕರೆದು ಷರತ್ತು ಹಾಕಿದರು: ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ತುಟಿ ಬಿಚ್ಚಬಾರದು. ನಲವತ್ತೆಂಟನೇ ದಿನದ ಸೂರ್ಯ ಮುಳುಗಿದರೆ ಮಂತ್ರ. ನಡುವೆ ಒಂದು ಮಾತು ಉದುರಿದರೂ ಮತ್ತೆ ಒಂದರಿಂದ ಶುರು.

ರಜೆ ಹಾಕಿ ಊರಲ್ಲಿ ಕೂತು ಮುಗಿಸಿ ಬಾರಯ್ಯಾ ಎಂದೆ. ಗಂಗವ್ವನನ್ನು ಯಾರ ಕೈಗೆ ಕೊಡಲಿ ಎಂದು ಕೇಳಿದ. ಕೆಲಸವನ್ನೂ ಬಿಡುವುದಿಲ್ಲ, ಮಂತ್ರವನ್ನೂ ಬಿಡುವುದಿಲ್ಲ. ಫೋನಿಗೆ ಒಂದು ಉಪಾಯ ಮಾಡಿಕೊಂಡ. ಲಿಫ್ಟ್ ನಿಂತಿದೆಯೆಂದು ಯಾರಾದರೂ ಕರೆದರೆ ಒಂದು ಸಲ ಕೆಮ್ಮುತ್ತಿದ್ದ, ಬರುತ್ತೇನೆ ಎಂದರ್ಥ. ಎರಡು ಸಲ ಕೆಮ್ಮಿದರೆ ತಡವಾಗುತ್ತದೆ. ಒಮ್ಮೆ ನೆಗಡಿಯಾಗಿ, ಅವನ ಕೈಯಲ್ಲಿದ್ದ ಉಪನಗರದ ಅರ್ಧ ಲಿಫ್ಟುಗಳ ವ್ಯವಹಾರವೇ ಗೋಜಲಾಯಿತು.

ಆರನೇ ಮಹಡಿಯಲ್ಲಿ ದೇಸಾಯಿಯವರಿದ್ದರು. ಧಾರವಾಡದವರು, ದೊಡ್ಡ ಹುದ್ದೆಯಿಂದ ಇಳಿದವರು. ವರ್ಷಕ್ಕೊಮ್ಮೆ ಬೆಟ್ಟದ ಮೇಲಿನ ಯಾವುದೋ ಶಿಬಿರದಲ್ಲಿ ಹತ್ತು ದಿನ ಮಾತು ಬಿಟ್ಟು, ಕೆಳಗಿಳಿದ ಮೇಲೆ ಹತ್ತು ತಿಂಗಳು ಅದರ ಬಗ್ಗೆ ಮಾತಾಡುವ ಸಾಧಕರು. ಅವರು ಈರಪ್ಪನಿಗೆ ಬ್ಯಾಲೆನ್ಸ್ ಕಲಿಸಲು ಹೊರಟರು. ಬೆಳಿಗ್ಗೆ ಇಷ್ಟು ಹೊತ್ತು ಆತ್ಮಕ್ಕೆ, ಆಮೇಲೆ ಇಷ್ಟು ಹೊತ್ತು ವೃತ್ತಿಗೆ ಎಂದು ದಿನವನ್ನು ಕೇಕಿನ ಹಾಗೆ ಕುಯ್ದು ತೋರಿಸಿದರು. ಒಂದು ವ್ರತ ಮುರಿದು ಇನ್ನೊಂದು ಶುರುವಾಗುವ ನಡುವೆ ಬಾಯಿ ಬಿಡುವಾಗಿದ್ದ ಈರಪ್ಪ ಬಹಳ ವಿನಯದಿಂದ ಹೇಳಿದ: “ಖರೆ ಐತ್ರಿ ಸಾಹೇಬ್ರ. ಲಿಫ್ಟಿಗೂ ಒಂದೀಟ್ ಹೇಳಿಬಿಡ್ರಿ, ಟೈಮ್ ನೋಡಿ ನಿಂದ್ರು ಅಂತ.” ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂದು ದೇಸಾಯಿಯವರನ್ನು ನೋಡಿ ನಾನು ಮನಸ್ಸಿನಲ್ಲೇ ಅಂದುಕೊಂಡೆ. ಆದರೆ ನಾನೇನು ಕಡಿಮೆ? ನಾಲ್ಕು ದಿನ ಸಹಸ್ರನಾಮ ಹಿಡಿದು, ಐದನೇ ದಿನ ಕುಕ್ಕರ್ ಕೂಗಿತೆಂದು ಎದ್ದವಳು ಮತ್ತೆ ಕೂತಿಲ್ಲ.

ಮೊದಲ ಮಂಡಲ ಒಂಬತ್ತನೇ ದಿನ ಮುರಿಯಿತು. ಜಾಲರಿಯೊಳಗೆ ಕೈ ಹಾಕಲು ಹೋದ ಹಾಲಿನವನನ್ನು ‘ಏಯ್’ ಎಂದು ಗದರಿದ್ದ. ‘ಏಯ್’ ಎನ್ನುವುದು ಮಾತೇ ಅಲ್ಲ ಎಂದು ನಾನು ವಾದಿಸಿದೆ. ಈರಪ್ಪ ಊರಿಗೆ ಹೇಳಿಕಳಿಸಿದಾಗ ಅಜ್ಜ ಒಪ್ಪಲಿಲ್ಲ.

ಎರಡನೆಯದು ಇಪ್ಪತ್ತೊಂದನೇ ದಿನದವರೆಗೆ ಬಂತು. ಅವತ್ತು ಅದೇ ಮರಾಠಿ ಅಜ್ಜಿ ಒಳಗೆ ಸಿಕ್ಕಿಕೊಂಡು ಕಿರುಚುತ್ತಿದ್ದರು. ಹೆದರಬೇಡಿ, ನಾನು ಬಂದಿದ್ದೇನೆ ಎಂದು ತಿಳಿಸಲು ಈರಪ್ಪ ಮನೆಯಿಂದ ಪೂಜೆಯ ಸಣ್ಣ ಗಂಟೆಯೊಂದನ್ನು ತಂದಿಟ್ಟುಕೊಂಡಿದ್ದ. ಅದನ್ನು ಮೇಲಿನಿಂದ ಕಿಣಿಕಿಣಿ ಬಾರಿಸಿದ. ಕತ್ತಲ ಪೆಟ್ಟಿಗೆಯಲ್ಲಿ ನಿಂತ ಎಂಬತ್ತರ ಮುದುಕಿಗೆ ಆಕಾಶದಿಂದ ಗಂಟೆಯ ಸದ್ದು ಕೇಳಿದರೆ ಏನಾಗಬೇಕು? ತನ್ನ ಕಾಲ ಮುಗಿಯಿತೆಂದು ಮಕ್ಕಳ ಹೆಸರೆಲ್ಲ ಕರೆದು ಅಳತೊಡಗಿದರು. ಈರಪ್ಪ ಗಂಟೆ ಬಿಸಾಡಿ, ಜಾಲರಿಗೆ ಬಾಯಿ ಹಚ್ಚಿ, “ಆಜೀ, ಘಾಬ್ರು ನಕಾ. ಮೀ ಆಹೇ,” ಎಂದ. ಹೆದರಬೇಡಿ, ನಾನಿದ್ದೇನೆ ಎಂದು. ಅಜ್ಜಿಯ ಅಳು ಅಲ್ಲಿಗೇ ನಿಂತಿತು. ಮಂಡಲವೂ ನಿಂತಿತು.

ಮೂರು, ನಾಲ್ಕು, ಐದು ಹೀಗೇ ಹೋದವು. ಸೊಸೈಟಿಯಲ್ಲಿ ನಾವೆಲ್ಲ ಕ್ರಿಕೆಟ್ ಸ್ಕೋರ್ ಕೇಳಿದ ಹಾಗೆ ಇವತ್ತು ಎಷ್ಟು ಎಂದು ಕೇಳುತ್ತಿದ್ದೆವು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ನಾನೇ.

ಅಷ್ಟರಲ್ಲಿ ಬಿಲ್ಡಿಂಗ್ ಕೆಡವಿ ಹೊಸದು ಕಟ್ಟುವುದು ನಿಶ್ಚಯವಾಯಿತು. ಗಂಗವ್ವ ಗುಜರಿಗೆ. ಈರಪ್ಪನ ಮುಖ ಬಾಡಿತು. ಆಕೆ ಇರುವಾಗಲೇ ಒಂದು ಮಂಡಲ ಮುಗಿಸಿಬಿಡುತ್ತೇನೆ ಎಂದು ಹಟ ಹಿಡಿದು ಬೋರ್ಡು ತಗುಲಿಸಿಕೊಂಡ. ಒಂದೊಂದೇ ಸಂಸಾರ ಗಂಟುಮೂಟೆ ಕಟ್ಟಿ ಹೋಗುತ್ತಿದ್ದುದರಿಂದ ಲಿಫ್ಟಿಗೂ ಕೆಲಸ ಕಡಿಮೆ. ಮೂವತ್ತು ದಾಟಿತು, ನಲವತ್ತು ದಾಟಿತು. ನನ್ನ ನಗುವೂ ಕಡಿಮೆಯಾಯಿತು. ನಿಜ ಹೇಳಬೇಕೆಂದರೆ ನಾನೇ ಬೆರಳು ಮಡಚಿ ದಿನ ಎಣಿಸತೊಡಗಿದ್ದೆ.

ನಲವತ್ತೇಳನೇ ದಿನ ಮಧ್ಯಾಹ್ನ ನಾನು ಹೀರೇಕಾಯಿ ಚೀಲ ಹಿಡಿದು ಲಿಫ್ಟ್ ಹತ್ತಿದೆ. ಮೂರನೇ ಮಹಡಿ ದಾಟುವಾಗ ಗಂಗವ್ವ ಬಿಕ್ಕಳಿಸಿ ನಿಂತೇಬಿಟ್ಟಳು. ಎದುರಿಗೆ ಬರೀ ಗೋಡೆ. ಫೋನಿಗೆ ಸಿಗ್ನಲ್ ಇಲ್ಲ. ಕೆಳಗೆ ವಾಚ್‌ಮನ್ ಈರಪ್ಪನಿಗೆ ಫೋನ್ ಮಾಡಿ, ಟೀಚರಬಾಯಿ ಒಳಗಿದ್ದಾರೆ ಎನ್ನುತ್ತಿದ್ದುದು ಕೇಳಿಸಿತು. ಅವತ್ತು ನನಗೆ ಮಹಾ ಜ್ಞಾನೋದಯವಾಯಿತು. ನಾನು ಕೂಗಿದರೆ ತಾನೇ ಅವನು ಉತ್ತರ ಕೊಡಬೇಕು? ಪ್ರಾಣ ಹೋದರೂ ಬಾಯಿ ಬಿಡಬಾರದು ಎಂದು ತೀರ್ಮಾನಿಸಿ, ಚೀಲ ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೆ ಪದ್ಮಾಸನ ಹಾಕಿದೆ. ಜೀವನದಲ್ಲಿ ಮೊದಲ ಸಲ ಇನ್ನೊಬ್ಬರ ತಪಸ್ಸಿಗೆ ನನ್ನಿಂದ ಸಹಾಯವಾಗುತ್ತಿದೆ ಎಂದು ಒಳಗೊಳಗೇ ಬೀಗಿದೆ.

ಸ್ವಲ್ಪ ಹೊತ್ತಿಗೆ ಮೇಲಿನಿಂದ ಗಂಟೆ ಕಿಣಿಕಿಣಿ ಎಂದಿತು. ನಾನು ತುಟಿ ಬಿಗಿದುಕೊಂಡೆ. ಮತ್ತೆ ಗಂಟೆ. ಮತ್ತೆ ಸುಮ್ಮನೆ. ಕೈ ತಟ್ಟಬಹುದಿತ್ತು, ಹೀರೇಕಾಯಿಯಿಂದ ಗೋಡೆ ಬಡಿಯಬಹುದಿತ್ತು ಎಂದು ಈಗ ಹೊಳೆಯುತ್ತದೆ. ಆಗ ನನ್ನ ತ್ಯಾಗದ ಅಮಲಿನಲ್ಲಿ ಏನೂ ಹೊಳೆಯಲಿಲ್ಲ. ಮೂರನೇ ಸಲ ಗಂಟೆ ಜೋರಾಗಿ, ಗಾಬರಿಯಿಂದ ಬಡಿದುಕೊಂಡಿತು. ಆಮೇಲೆ ಗಂಟೆಯ ಬದಲು ದನಿ ಬಂತು. “ಟೀಚರಬಾಯಿ! ಅದೀರೇನ್ರಿ? ಮಾತಾಡ್ರಿ!”

ಬಾಗಿಲು ತೆಗೆದಾಗ ಅವನ ಮುಖ ಸುಣ್ಣದ ಹಾಗಿತ್ತು. ನನ್ನ ತ್ಯಾಗವನ್ನು ವಿವರಿಸಿದೆ. ಅವನು ಮೆಟ್ಟಿಲ ಮೇಲೆ ಕುಸಿದು ಕೂತ.

“ಒದರೋರ ಅಂಜಿಕಿಲ್ರೀ ನನಗ,” ಎಂದ. “ಒದರಿದ್ರ ಜೀವ ಐತಂತ ತಿಳೀತದ. ಸುಮ್ಮ ಇರೋರ ಅಂಜಿಕಿ. ನಲವತ್ತೇಳ್ ದಿನ ನಾ ಸುಮ್ಮಿದ್ದೆ. ಹತ್ತ ನಿಮಿಷ ನೀವು ಸುಮ್ಮಿದ್ದು ಕೆಡಿಸಿದ್ರಿ.”

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇಲ್ಲಿ ಇಬ್ಬರೇ ಇದ್ದೇವೆ, ಅಜ್ಜನಿಗೆ ಹೇಳುವವರು ಯಾರು, ನಾಳೆ ಒಂದು ದಿನ ಸುಮ್ಮನಿದ್ದು ಮಂತ್ರ ತೆಗೆದುಕೋ ಎಂದು ಗೋಗರೆದೆ. ಮಕ್ಕಳಿಗೆ ಕಾಪಿ ಹೊಡೆಯಬೇಡಿ ಎಂದು ಬೆತ್ತ ಹಿಡಿದವಳು ನಾನು. ಈರಪ್ಪ ಜಾಲರಿಯ ಕಡೆ ಗದ್ದ ಎತ್ತಿ ತೋರಿಸಿದ.

“ಅಜ್ಜಾರಿಗೆ ಗೊತ್ತಾಗಂಗಿಲ್ರೀ. ಆಕಿಗೆ ಗೊತ್ತೈತಲ್ಲ.”

ನಾನು ಮನೆ ಖಾಲಿ ಮಾಡಿದ ದಿನ ಕರೆಂಟು ಕಿತ್ತರು. ಈರಪ್ಪ ಗಂಗವ್ವನ ಹಗ್ಗಕ್ಕೆ ಕೊನೆಯ ಸಲ ಗ್ರೀಸು ಹಚ್ಚಿದ. ಸಾಯುವವಳಿಗೆ ಎಣ್ಣೆ ಸ್ನಾನ ಯಾಕಪ್ಪಾ ಎಂದು ನಾನು ಹಾಳು ಬಾಯಿ ಬಿಟ್ಟೆ. ಅವನು ಬೋರ್ಡನ್ನು ಕೊರಳಿನಿಂದ ತೆಗೆದು ಜಾಲರಿಗೆ ನೇತುಹಾಕಿದ, ‘ಮೌನ’ ಎಂದಿದ್ದ ಮುಖ ಹೊರಗೆ ಮಾಡಿ. ಅವನನ್ನು ನಾನು ನೋಡಿದ್ದು ಅದೇ ಕೊನೆ.

ಈಗ ಬೊರಿವಲಿಯಲ್ಲಿ ಬಾಡಿಗೆಗಿದ್ದೇನೆ. ಇಲ್ಲಿನ ಲಿಫ್ಟು ಇಂಗ್ಲಿಷಿನಲ್ಲಿ ಒಂದೇ ಸಮನೆ ಮಾತಾಡುತ್ತದೆ, ದೇಸಾಯಿಯವರ ಹಾಗೆ. ಆಗಾಗ ಈರಪ್ಪನಿಗೆ ಫೋನ್ ಮಾಡುತ್ತೇನೆ. ಒಂದು ಕೆಮ್ಮು ಬರುತ್ತದೆ. ವ್ರತ ನಡೆಯುತ್ತಿದೆಯೆಂದು ನನ್ನ ಸುದ್ದಿಯೆಲ್ಲ ಹೇಳಿ ಫೋನ್ ಇಡುತ್ತೇನೆ.

ಮೊನ್ನೆ ಮಾಡಿದಾಗ ಕೆಮ್ಮು ಬರಲಿಲ್ಲ. “ಹೇಳ್ರಿ ಟೀಚರಬಾಯಿ,” ಎಂದ. ನನಗೆ ಆನಂದವಾಯಿತು. ಮುಗಿಯಿತೇನೋ, ಮಂತ್ರ ಸಿಕ್ಕಿತೇನೋ ಎಂದೆ. ಇಲ್ಲ ಎಂದ. ಹಿಂದಿನ ದಿನ ಅಂಧೇರಿಯ ಒಂದು ಬಿಲ್ಡಿಂಗಿನಲ್ಲಿ ಬಸುರಿ ಹೆಂಗಸೊಬ್ಬಳು ಸಿಕ್ಕಿಕೊಂಡಿದ್ದಳಂತೆ. ಬಾಗಿಲು ಬಿಡಿಸಲು ಮುಕ್ಕಾಲು ಗಂಟೆ ಹಿಡಿಯಿತಂತೆ. ಅಷ್ಟು ಹೊತ್ತೂ ಅವಳು ಹೆದರದ ಹಾಗೆ ಹೊರಗಿನಿಂದ ಮಾತಾಡುತ್ತಲೇ ಇದ್ದನಂತೆ. ಏನು ಮಾತಾಡಿದೆ ಎಂದು ಕೇಳಿದೆ.

“ಏನಿಲ್ರೀ, ಗಂಗವ್ವನ ಸುದ್ದಿ.”

“ಎಷ್ಟನೇ ದಿನ ಆಗಿತ್ತಪ್ಪಾ?”

“ನಲವತ್ತೆಂಟ್ರೀ. ಸಂಜಿ ನಾಕಕ್ಕ.”

ಸೂರ್ಯ ಮುಳುಗಲು ಇನ್ನೆರಡು ಮೂರು ಗಂಟೆ ಇತ್ತು. ಆ ಹೆಂಗಸು ಹೇಗಿದ್ದಾಳೆ ಎಂದು ಕೇಳಿದೆ. ಆರಾಮಿದ್ದಾಳೆ ಎಂದ. ಬೇರೆ ಕಡೆಯಿಂದ ಫೋನ್ ಬರುತ್ತಿದೆ, ಎಲ್ಲೋ ಲಿಫ್ಟ್ ನಿಂತಿರಬೇಕು ಎಂದು ಹೇಳಿ ಇಟ್ಟುಬಿಟ್ಟ.