ಎರಡು ಮೆಟ್ಟಿಲು ಕೆಳಗೆ

ನಮ್ಮ ಯಜಮಾನರನ್ನು ಬೀದಿಯವರೆಲ್ಲ ತಾಳಣ್ಣ ಎನ್ನುತ್ತಾರೆ. ಕಂಪ್ಯೂಟರ್ ಯಾವಾಗ ಸಿಗುತ್ತದೆ ಎಂದು ಗಿರಾಕಿ ಕೇಳಿದರೆ "ತಾಳಿ" ಎನ್ನುವರು, ಊಟಕ್ಕೆ ಬನ್ನಿ ಎಂದು ನಾನು ಕರೆದರೆ "ತಾಳೇ" ಎನ್ನುವರು. ಮದುವೆಯಾದ ಹೊಸದರಲ್ಲಿ ನನಗೆ ರೇಗುತ್ತಿತ್ತು. ಈಗಲೂ ರೇಗುತ್ತದೆ, ಸುಳ್ಳೇಕೆ ಹೇಳಲಿ. ತಾಳಿದವನು ಬಾಳಿಯಾನು ಎಂದು ಗಾದೆ ಕಟ್ಟಿದ ಮಹಾನುಭಾವನ ಹೆಂಡತಿ ಎಷ್ಟು ಸಲ ಅಡುಗೆ ಬಿಸಿ ಮಾಡಿದಳು ಎಂದು ಯಾರಾದರೂ ಕೇಳಿದರೇ?

ಮನೆಯ ಮುಂದಿನ ಕೋಣೆಯೇ ನಮ್ಮ ಅಂಗಡಿ. ಅಲ್ಲಿ ಒಂದು ಉದ್ದನೆಯ ಬೆಂಚು, ಅದರ ಮೇಲೆ ಮುಚ್ಚಳ ತೆಗೆದ ಕಂಪ್ಯೂಟರುಗಳು. ಪ್ರೊಸೆಸರ್ ಕಾರ್ಖಾನೆಯಿಂದ ಬರುವಾಗ ಇಷ್ಟೇ ವೇಗ ಎಂದು ಗೊತ್ತುಮಾಡಿ ಕಳಿಸಿರುತ್ತಾರೆ, ಆದರೆ ಅದರ ಮೈಯಲ್ಲಿ ಇನ್ನೂ ಸ್ವಲ್ಪ ಕಸುವು ಉಳಿದಿರುತ್ತದೆ. ಅದನ್ನು ಹದವಾಗಿ ಹೊರಗೆ ತೆಗೆಯುವುದು ಇವರ ಕಸುಬು. ಒಂದೊಂದೇ ಮೆಟ್ಟಿಲು ವೇಗ ಏರಿಸಬೇಕು, ವೋಲ್ಟೇಜ್ ಚೂರು ಹೆಚ್ಚಿಸಬೇಕು, ಬಿಸಿ ಎಷ್ಟಾಯಿತು ನೋಡಬೇಕು, ಉತ್ತರ ಮೊದಲೇ ಗೊತ್ತಿರುವ ದೊಡ್ಡ ದೊಡ್ಡ ಲೆಕ್ಕಗಳನ್ನು ಕೊಟ್ಟು ಇಡೀ ದಿನ ಮಾಡಿಸಬೇಕು. ಒಂದೇ ಒಂದು ಉತ್ತರ ತಪ್ಪಿದರೂ ಆ ವೇಗವನ್ನು ಅದು ತಡೆಯದು ಎಂದರ್ಥ. ಹಾಗೆ ಎಡವಿದ ಜಾಗ ಸಿಕ್ಕಿದ ಮೇಲೆ ಇವರು ಅಲ್ಲಿಂದ ಎರಡು ಮೆಟ್ಟಿಲು ಕೆಳಗಿಳಿಸಿ, ಮತ್ತೆ ಇಡೀ ದಿನ ಲೆಕ್ಕ ಮಾಡಿಸಿ, ಆಮೇಲೆ ಮುಚ್ಚಳ ಹಾಕುತ್ತಿದ್ದರು. ಒಂದೇ ಮೆಟ್ಟಿಲು ಇಳಿಸಿದರೆ ಸಾಲದೇ ಎಂದು ನಾನೊಮ್ಮೆ ಕೇಳಿದೆ.

"ಒಂದು ಧೂಳಿಗೆ, ಒಂದು ಬೇಸಿಗೆಗೆ," ಎಂದರು.

ಇವರ ಒಬ್ಬನೇ ತಮ್ಮ, ನನ್ನ ಮೈದುನ, ನಾನು ಈ ಮನೆಗೆ ಬಂದಾಗ ಇನ್ನೂ ಮೀಸೆ ಚಿಗುರದವನು. ಅವನಿಗೆ ಬಡಿಸಿದವಳು ನಾನು, ಕೆಲಸ ಕಲಿಸಿದವರು ಇವರು. ಮಾತನ್ನು ಮಾತ್ರ ಯಾರೂ ಕಲಿಸಬೇಕಾಗಿರಲಿಲ್ಲ, ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯ. ಹಾಗಾಗಿ ಬೆಂಚು ಅಣ್ಣನದು, ಗಿರಾಕಿ ತಮ್ಮನದು ಎಂದಾಯಿತು. ಕಂಪ್ಯೂಟರನ್ನು ಗಿರಾಕಿಯ ಮನೆಗೆ ಒಯ್ದು ಜೋಡಿಸುವುದು, ಕೆಟ್ಟರೆ ಹೋಗಿ ತರುವುದು, ಎಲ್ಲ ಅವನೇ. "ದೇವರು ವರ ಕೊಟ್ರೂ ಪೂಜಾರಿ ಕೊಡ್ಬೇಕಲ್ಲ ಅತ್ತಿಗೆ," ಎಂದು ಕಣ್ಣು ಹೊಡೆಯುತ್ತಿದ್ದ. ನಾನೂ ನಗುತ್ತಿದ್ದೆ. ಅವನನ್ನು ಕಂಡರೆ ನನಗೆ ಅಷ್ಟು ಅಕ್ಕರೆ.

ಮಕ್ಕಳಿಗಾಗಿ ಗೊಂಬೆಗಳ ಚಲನಚಿತ್ರ ಮಾಡುವ ಒಬ್ಬ ಹೆಂಗಸು ನಮ್ಮ ಗಿರಾಕಿ. ಗೊಂಬೆ ಮೇಡಂ ಎನ್ನುತ್ತೇವೆ. ಒಂಟಿಯಾಗಿ, ವರ್ಷಕ್ಕೂ ಮೇಲೆ, ಇವರು ಕಟ್ಟಿಕೊಟ್ಟ ಕಂಪ್ಯೂಟರಿನಲ್ಲಿ ಒಂದು ಚಿತ್ರ ಮಾಡುತ್ತಿದ್ದರು. ಒಂದು ದಿನ ಆ ಕೆಲಸ ತೆರೆದುಕೊಳ್ಳಲೇ ಇಲ್ಲ. ಬೇರೆ ಡಿಸ್ಕಿನಲ್ಲಿ ಇಟ್ಟಿದ್ದ ನಕಲನ್ನು ತೆಗೆದು ನೋಡಿದರೆ ಅದೂ ಹಾಳು, ಯಾಕೆಂದರೆ ನಕಲು ಮಾಡಿದ್ದೂ ಅದೇ ಕಂಪ್ಯೂಟರು. ಮೈದುನ ಹೋಗಿ ಕಂಪ್ಯೂಟರ್ ತಂದ. ಹಿಂದೆಯೇ ಮೇಡಂ ಬಂದರು. ಕೂಗಾಡಿದ್ದರೆ ಚೆನ್ನಾಗಿತ್ತು.

"ನಿಮ್ಮ ಮೆಷಿನ್ ತಪ್ಪಿರಲ್ಲ ತಾಳಣ್ಣ. ನಾನೇ ಏನೋ ಎಡವಟ್ಟು ಮಾಡ್ಕೊಂಡಿರ್ಬೇಕು," ಎಂದು ಸೆರಗಿನಿಂದ ಮೂಗು ಒರೆಸಿಕೊಂಡರು.

ಇವರು ಬೆಂಚಿಗೆ ಕೂತರು. ವೇಗ ನೋಡಿದರು, ತಾವು ಇಟ್ಟಷ್ಟೇ ಇತ್ತು. ಇಡೀ ದಿನ ಲೆಕ್ಕ ಮಾಡಿಸಿದರು, ಒಂದೂ ತಪ್ಪಲಿಲ್ಲ. ಮತ್ತೊಂದು ದಿನ, ಮಗದೊಂದು ದಿನ. ಮೆಮೊರಿ ಬದಲಿಸಿದರು, ಡಿಸ್ಕ್ ಬದಲಿಸಿದರು, ಕಂಪ್ಯೂಟರ್ ಬಂಡೆಗಲ್ಲಿನಂತೆ ಓಡಿತು. ಊಟ ಸೇರಲಿಲ್ಲ, "ತಾಳೇ" ಎನ್ನುವುದನ್ನೂ ಬಿಟ್ಟರು. ಮೈದುನ ಟೀ ತಂದು ಪಕ್ಕದಲ್ಲಿಟ್ಟು, ಹೆಗಲ ಮೇಲೆ ಕೈಯಿಟ್ಟು, "ಬಿಡಣ್ಣ, ಎಂಥವರ ಕೈನೂ ಒಂದ್ಸಲ ತಪ್ಪುತ್ತೆ," ಎಂದು ಸಮಾಧಾನ ಹೇಳುತ್ತಿದ್ದ. ಎಂಥ ತಮ್ಮ ಎಂದು ನನ್ನ ಕಣ್ಣು ತುಂಬಿ ಬಂತು.

"ನನ್ನ ಪರೀಕ್ಷೆನೇ ಸುಳ್ಳು ಕಣೇ," ಎಂದರು ಇವರು ಒಂದು ಬೆಳಿಗ್ಗೆ. "ಕಾಣದ ಹಾಗೆ ತಪ್ಪುತ್ತಿದೆ, ನನಗೆ ಹಿಡಿಯೋಕೆ ಬರಲ್ಲ. ಇನ್ನೆಷ್ಟು ಜನರ ಕೆಲಸ ಹಾಳು ಮಾಡಿದೀನೋ."

ಇಷ್ಟು ವರ್ಷ ಕಟ್ಟಿಕೊಟ್ಟ ಕಂಪ್ಯೂಟರುಗಳನ್ನೆಲ್ಲ ಮನೆಮನೆಗೆ ಹೋಗಿ ಕಾರ್ಖಾನೆಯ ವೇಗಕ್ಕೇ ಇಳಿಸಿ ಬರುತ್ತೇನೆ, ಆಮೇಲೆ ಈ ಕಸುಬೇ ಬೇಡ ಎಂದು ನಿರ್ಧರಿಸಿದರು. ಮೈದುನ ಗಾಬರಿಯಾದ. "ನೀನ್ಯಾಕೆ ಅಲೀತೀಯ ಅಣ್ಣ, ನಾನೇ ಹೋಗಿ ಇಳಿಸ್ತೀನಿ," ಎಂದ. ಅಣ್ಣನಿಗೆ ಬಿಸಿಲಾಗುತ್ತದೆಂದು ಹೇಳುತ್ತಿದ್ದಾನೆ ಎಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ತಮ್ಮ ಹೊರಗೆ ಹೋಗಿದ್ದಾಗ ಇವರು ತಡೆಯಲಾರದೆ ಹೊರಟರು, ಜೊತೆಗೆ ನಾನೂ ಹೋದೆ. ಮೊದಲ ಮನೆ, ಕಟ್ಟಡಗಳ ನಕ್ಷೆ ಬರೆಯುವವರದು. ಇವರು ಕಂಪ್ಯೂಟರ್ ಹಚ್ಚಿ ಒಳಗಿನ ಸೆಟ್ಟಿಂಗ್ ತೆರೆದು ಹಾಗೇ ಕೂತುಬಿಟ್ಟರು. ಅದರಲ್ಲಿ ಎರಡು ವೇಗಗಳನ್ನು ಉಳಿಸಿಡಲಾಗಿತ್ತು. ಒಂದು ಇವರದು. ಇನ್ನೊಂದು ಅದಕ್ಕಿಂತ ಎರಡು ಮೆಟ್ಟಿಲು ಮೇಲಿನದು, ಎಂದರೆ ಬೆಂಚಿನ ಮೇಲೆ ಎಡವಿದ ಅದೇ ವೇಗ. ಓಡುತ್ತಿದ್ದದ್ದು ಎರಡನೆಯದು. ಆರಿಸಿ ಒಂದು ಗುಂಡಿ ಒತ್ತಿದರೆ ಸಾಕು, ಇದು ಹೋಗಿ ಅದು ಬರುತ್ತದೆ, ಅದು ಹೋಗಿ ಇದು.

"ನಿಮ್ಮ ತಮ್ಮ ಇಲ್ಲೇ ಕೂತು ಏರಿಸಿಕೊಟ್ರಲ್ಲ," ಎಂದರು ನಕ್ಷೆಯವರು. "ಅಣ್ಣಂಗೆ ಪುಕ್ಕಲು, ನಿಮಗೋಸ್ಕರ ಸ್ಪೆಷಲ್ ಅಂದ್ರು. ಯಾಕೆ, ನಿಮಗೆ ಗೊತ್ತಿಲ್ವಾ?"

ಇವರು ತಾವು ಇಟ್ಟಿದ್ದ ವೇಗಕ್ಕೆ ಇಳಿಸಿ ಎದ್ದರು. ಎರಡನೆಯ ಮನೆಯಲ್ಲೂ ಹಾಗೇ ಇತ್ತು. ಮೂರನೆಯದಕ್ಕೆ ನಾವು ಹೋಗಲಿಲ್ಲ.

ಸಂಜೆ ಮೈದುನ ಬಂದ. ನನ್ನ ಮೈಯೆಲ್ಲ ಉರಿಯುತ್ತಿತ್ತು. "ಉಂಡ ಮನೆ ಜಂತೆ ಎಣಿಸಿದೆಯಲ್ಲೋ," ಎಂದು ನಾನು ಬಾಯಿ ತೆಗೆಯುವಷ್ಟರಲ್ಲಿ ಇವರು ಕೈ ಅಡ್ಡ ಮಾಡಿದರು.

"ಗೊಂಬೆ ಮೇಡಂ ಮೆಷಿನ್ನೂ ಏರಿಸಿದ್ಯಾ?"

ಅವನು ನೆಲ ನೋಡಿದ. "ಹೂಂ. ಎಲ್ಲರೂ ಸ್ಪೀಡ್ ಎಷ್ಟು ಅಂತಲೇ ಕೇಳೋದು ಅಣ್ಣ. ನೀನು ಇಟ್ಟಷ್ಟು ಹೇಳಿದ್ರೆ ಪಕ್ಕದ ಬೀದಿ ಅಂಗಡಿಗೆ ಹೋಗ್ತಾರೆ."

"ವಾಪಸ್ ತರುವಾಗ?"

"ಅವರ ಮನೇಲೇ ಇಳಿಸಿ, ಉಳಿಸಿಟ್ಟಿದ್ದನ್ನೂ ಅಳಿಸಿ ತಂದೆ."

"ನಾನು ಬೆಂಚಿಗೆ ಕೂತು ತಲೆ ಚಚ್ಚಿಕೊಳ್ತಿದ್ನಲ್ಲ, ನೀನು ಟೀ ತಂದು ಕೊಡ್ತಿದ್ದೆ. ಆಗ್ಲೂ ನಿಂಗೆ ಗೊತ್ತಿತ್ತು."

"ಹೇಳೋಣ ಅಂತಲೇ ಇದ್ದೆ ಅಣ್ಣ," ಎಂದ ಅವನು ಮೆಲ್ಲಗೆ. "ಅಷ್ಟರಲ್ಲಿ ನೀನೇ ನಿನ್ನ ಕೈ ತಪ್ಪು ಅಂತ ಒಪ್ಕೊಂಡ್ಬಿಟ್ಟೆ."

ಅವನು ಸ್ವಲ್ಪ ಹೊತ್ತು ನಿಂತಿದ್ದು, ಯಾರೂ ಕೂರು ಎನ್ನದಿದ್ದಕ್ಕೆ ಹೊರಟುಹೋದ. ನಾನು ತಡೆಯಲಿಲ್ಲ.

ನಾಳೆ ಬೆಳಿಗ್ಗೆಯೇ ಗೊಂಬೆ ಮೇಡಂ ಮನೆಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಬೇಕು ಎಂದರು ಇವರು. ಸರಿ ಎಂದೆ. ಇವರ ಮುಖ ನೋಡಲಾಗದೆ, ಏನಾದರೂ ಒಳ್ಳೆಯದು ಆಡಬೇಕೆಂದು, "ಹೋಗ್ಲಿ ಬಿಡ್ರೀ, ನಿಮ್ಮ ಕೈ ಸರಿಯಾಗೇ ಇತ್ತಲ್ಲ. ನಿಮ್ಮ ಪರೀಕ್ಷೆ ಸುಳ್ಳಾಗಲಿಲ್ಲ," ಎಂದೆ.

ಇವರು ತಮ್ಮ ಎರಡೂ ಅಂಗೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಾ ಕೂತಿದ್ದರು.

"ಕೈಯೇ ಕೆಟ್ಟಿದ್ರೆ ವಾಸಿಯಾಗಿತ್ತು ಕಣೇ," ಎಂದರು.